ಆರು ಅಡಿ ಕಟ್ಟಿನಲ್ಲಿ ಭದ್ರಾ ಹೊಳೆ

ಫೋಟೋ ತೆಗೆಯಲು ನಮಗೆ ಒಂದು ನಿಮಿಷ ಸಾಕಾಯಿತು. ಅದನ್ನು ಎಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದ ಕತೆ ಇದು. ನಿಮ್ಮೂರಿನ ಕೆರೆಯದ್ದೋ ಗುಡ್ಡದ್ದೋ ಉದ್ದನೆಯ ಫೋಟೋ ಮಾಡಿಸಿ ಗೋಡೆಗೆ ಹಾಕುವ ಆಸೆ ನಿಮಗೂ ಇದ್ದರೆ ನಮ್ಮ ತಪ್ಪುಗಳು ಉಪಯೋಗಕ್ಕೆ ಬರಬಹುದು.

ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಓದುವಾಗ ನಾವು ಮೂವರು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಒಂದು ಮನೆಯ ಮಾಳಿಗೆ ಮೇಲಿನ ರೂಮಿನಲ್ಲಿ ಬಾಡಿಗೆಗೆ ಇದ್ದೆವು. ಬೆಳಿಗ್ಗೆ ಬಿಆರ್‌ಪಿ ಬಸ್ಸು ಹತ್ತಿ ಹೋಗುವುದು, ಸಂಜೆ ಬರುವುದು. ಕೆಳಗೆ ಮನೆಯ ಓನರ್ ಅಜ್ಜ, ಅಜ್ಜಿ ಇಬ್ಬರೇ. ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಓದು ಮುಗಿದ ಮೇಲೂ ನಾವು ಆ ರೂಮು ಬಿಟ್ಟಿರಲಿಲ್ಲ. ಆದರೆ ಮನೆ ಬಿಡುವ ಹೊತ್ತು ಬಂದದ್ದು ಅವರಿಗೆ. ಅಜ್ಜನ ಮಂಡಿ, ಅಜ್ಜಿಯ ಕಣ್ಣು ಎರಡೂ ಕೈಕೊಟ್ಟಿದ್ದರಿಂದ ಬೆಂಗಳೂರಿನಲ್ಲಿದ್ದ ಮಗ, "ಇನ್ನು ಸಾಕು, ಬಂದುಬಿಡಿ" ಎಂದಿದ್ದ.

ಒಂದು ಸಂಜೆ ಅಜ್ಜ ಮೆಟ್ಟಿಲು ಹತ್ತಿ ಬಂದರು. ಅವರ ಮಂಡಿಗೆ ಅದು ಸಣ್ಣ ಕೆಲಸವಲ್ಲ.

"ಏನ್ರಯ್ಯಾ, ನೀವು ಪೇಪರ್‌ನೋರು. ಈ ಮಾಳಿಗೆ ಮೇಲಿಂದ ಹೊಳೆ ಹೆಂಗೆ ಕಾಣ್ತದೋ ಹಂಗೇ ಒಂದು ಫೋಟೋ ಮಾಡಿಕೊಡಿ. ಅಲ್ಲಿ ಗೋಡೆಗೆ ಹಾಕ್ಕೊಂತೀನಿ. ಹೊಳೆ ಪೂರ್ತಿ ಬರಬೇಕು, ಅಷ್ಟೆ."

ಕಟ್ಟು ಆಗಲೇ ತಯಾರಿತ್ತು. ಹಿತ್ತಲಲ್ಲಿ ಬಿದ್ದಿದ್ದ ಹಳೇ ಬಾಗಿಲಿನ ಸಾಗುವಾನಿ ಮರದಿಂದ ಬಡಗಿಯ ಕೈಲಿ ಮಾಡಿಸಿದ್ದರು. ಒಳಗಿನ ಅಳತೆ ಆರು ಅಡಿ ಉದ್ದ, ಎರಡು ಅಡಿ ಎತ್ತರ. ಮೊದಲು ಫೋಟೋ, ಆಮೇಲೆ ಕಟ್ಟು ಎಂಬ ಕ್ರಮ ಅಲ್ಲಿಗೇ ತಲೆಕೆಳಗಾಗಿತ್ತು. ನಮಗಾಗ ಅದು ಹೊಳೆಯಲಿಲ್ಲ.

ಮೊದಲು ಮೊಬೈಲಿನಲ್ಲೇ ಪನೋರಮಾ ಹೊಡೆದು ನೋಡಿದೆವು. ಮೊಬೈಲಿನ ಪರದೆಯಲ್ಲಿ ಚೆನ್ನಾಗಿಯೇ ಇತ್ತು. ದೊಡ್ಡದು ಮಾಡಿದಾಗ ಸೇತುವೆ ಬಿಲ್ಲಿನಂತೆ ಬಾಗಿತ್ತು, ಅದರ ಮೇಲೆ ಹೋಗುತ್ತಿದ್ದ ಬೈಕಿಗೆ ಹಿಂದಿನ ಚಕ್ರವೇ ಇರಲಿಲ್ಲ. ಆರು ಅಡಿಗೆ ಹಿಗ್ಗಿಸಿದರೆ ಎಲೆಗಳೆಲ್ಲ ಹಸಿರು ಬಣ್ಣದ ಮುದ್ದೆಯಾಗುತ್ತಿದ್ದವು.

ಹಾಗಾಗಿ ಗೆಳೆಯನೊಬ್ಬನ ಕ್ಯಾಮೆರಾ, 50 ಎಂಎಂ ಲೆನ್ಸು, ಟ್ರೈಪಾಡು ತಂದೆವು. ಡಿಸೆಂಬರ್ ತಿಂಗಳು. ಮಂಜು ಕರಗಿ ಬಿಸಿಲು ಬರುವ ಹೊತ್ತು. ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಏಳು ಫೋಟೋ ತೆಗೆದೆವು. ಒಂದು ಫೋಟೋದ ಮೂರನೇ ಒಂದು ಭಾಗ ಮುಂದಿನ ಫೋಟೋದಲ್ಲೂ ಬರಬೇಕು. ಜೋಡಿಸುವ ಸಾಫ್ಟ್‌ವೇರ್ ಎರಡರಲ್ಲೂ ಇರುವ ಒಂದೇ ಕಲ್ಲು, ಒಂದೇ ಹೆಂಚು, ಒಂದೇ ಕೊಂಬೆಯನ್ನು ಗುರುತು ಹಿಡಿದು ಹೊಲಿಗೆ ಹಾಕುತ್ತದೆ. ಬೆಳಕು, ಬಣ್ಣ, ಫೋಕಸ್ ಯಾವುದನ್ನೂ ಆಟೋದಲ್ಲಿ ಬಿಡಬಾರದು. ಬಿಟ್ಟರೆ ಒಂದು ತುಂಡಿನ ನೀರು ಹಸಿರು, ಪಕ್ಕದ ತುಂಡಿನದ್ದು ನೀಲಿ ಆಗುತ್ತದೆ.

ಇನ್ನೊಂದು ವಿಷಯ ನಮಗೆ ಗೊತ್ತಿರಲಿಲ್ಲ. ಮುಖದ ಮುಂದೆ ಹೆಬ್ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಹಾರುತ್ತದೆ, ಹಿಂದಿನ ಗೋಡೆ ಅಲ್ಲೇ ಇರುತ್ತದೆ. ಕ್ಯಾಮೆರಾ ತಿರುಗುವಾಗ ಲೆನ್ಸು ಜಾಗ ಬದಲಿಸಿದರೆ ಹತ್ತಿರದ ವಸ್ತುಗಳು ಹೀಗೇ ಹಾರುತ್ತವೆ. ನಮ್ಮ ಮೊದಲ ಸಲದ ಫೋಟೋದಲ್ಲಿ ಮಾಳಿಗೆಯ ಕಂಬಿ ಮೂರು ಕಡೆ ಮುರಿದಂತೆ ಬಂದಿತ್ತು. ಎರಡನೇ ಸಲ ಕಂಬಿ ಕಾಣದಂತೆ ಅಂಚಿಗೆ ಸರಿದು, ಲೆನ್ಸು ಆದಷ್ಟೂ ಒಂದೇ ಜಾಗದಲ್ಲಿ ತಿರುಗುವಂತೆ ನೋಡಿಕೊಂಡೆವು.

ಏಳು ತುಂಡುಗಳನ್ನು ಹ್ಯೂಗಿನ್ ಎಂಬ ಸಾಫ್ಟ್‌ವೇರಿನಲ್ಲಿ ಜೋಡಿಸಿದೆವು. ಅದು ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅಲ್ಲಿ ಮೊದಲ ಪ್ರಶ್ನೆ ಎದುರಾಯಿತು. ಸೇತುವೆ ನೆಟ್ಟಗೆ ಕಾಣಬೇಕೆಂದರೆ ಚಿತ್ರದ ಎರಡು ತುದಿ ರಬ್ಬರಿನಂತೆ ಹಿಗ್ಗುತ್ತವೆ. ತುದಿಗಳು ಸರಿಯಾಗಿರಬೇಕೆಂದರೆ ಸೇತುವೆ ಚೂರು ಬಾಗುತ್ತದೆ. ಸುತ್ತ ಇರುವುದನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು. ನಾವು ಸೇತುವೆ ಬಾಗಲಿ ಎಂದೆವು. ಎಡತುದಿಯ ಮೆಟ್ಟಿಲ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಎರಡರಷ್ಟು ಅಗಲ ಮಾಡುವುದು ಸರಿ ಕಾಣಲಿಲ್ಲ.

ಅದೇ ಹೆಂಗಸು ಚಿತ್ರದಲ್ಲಿ ಎರಡು ಸಲ ಬಂದಿದ್ದರು. ಮೊದಲ ಫೋಟೋದಲ್ಲಿ ಕಲ್ಲಿನ ಹತ್ತಿರ, ಎರಡನೆಯದರಲ್ಲಿ ನಾಲ್ಕು ಹೆಜ್ಜೆ ಆಚೆ. ಒಬ್ಬರನ್ನು ಉಳಿಸಿ ಇನ್ನೊಬ್ಬರನ್ನು ತೆಗೆದೆವು. ಇದು ತಿದ್ದುಪಡಿಯಲ್ಲ, ಯಂತ್ರದ ತಪ್ಪು ಸರಿಮಾಡಿದ್ದು ಎಂದು ಮೂವರೂ ಒಪ್ಪಿದೆವು. ಆಮೇಲೆ ನಮ್ಮಲ್ಲೊಬ್ಬ, ದಡದ ಮೇಲಿದ್ದ ಪ್ಲಾಸ್ಟಿಕ್ ಕಸದ ಗುಡ್ಡೆಯನ್ನೂ ಒರೆಸಿ ಅಲ್ಲಿ ಹುಲ್ಲು ಬರಿಸಿದ. ಚೆನ್ನಾಗಿ ಕಂಡಿತು. ನಾವು ಯಾರೂ ಮಾತಾಡಲಿಲ್ಲ. ಆ ಸುಮ್ಮನಿರುವಿಕೆ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಜೋಡಿಸಿದ ಚಿತ್ರದ ಅಂಚು ನೆಟ್ಟಗಿರುವುದಿಲ್ಲ. ಮೇಲೂ ಕೆಳಗೂ ಇಲಿ ಕಡಿದ ರೊಟ್ಟಿಯಂತೆ ಇರುತ್ತದೆ. ಅದನ್ನು ಸಮ ಮಾಡಲು ಸುತ್ತಲೂ ಕತ್ತರಿಸಬೇಕು. ಕತ್ತರಿಸಿದ ಮೇಲೆ ಉಳಿದದ್ದು 19,200 ಚುಕ್ಕಿ ಉದ್ದ, 4,800 ಚುಕ್ಕಿ ಎತ್ತರ. ಅಂದರೆ ಉದ್ದ ಎತ್ತರದ ನಾಲ್ಕರಷ್ಟು. ಅಜ್ಜನ ಕಟ್ಟು ಆರಕ್ಕೆ ಎರಡು, ಅಂದರೆ ಮೂರರಷ್ಟು. ಕಟ್ಟು ತುಂಬಬೇಕೆಂದರೆ ಚಿತ್ರದ ಉದ್ದ 14,400ಕ್ಕೆ ಇಳಿಯಬೇಕು. ನಾಲ್ಕರಲ್ಲಿ ಒಂದು ಪಾಲು ಹೋಗಲೇಬೇಕು.

ನಾವು ಎಡಗಡೆಯಿಂದ ಒಂದು ಪಾಲು ತೆಗೆದೆವು. ಬಲಗಡೆ ಸೇತುವೆ, ನಡುವೆ ನೀರು, ಆಚೆ ದಡದ ಮರ, ಮೇಲೆ ಬೆಳ್ಳಗಿನ ಮೋಡ. ಕ್ಯಾಲೆಂಡರಿನ ಚಿತ್ರದಂತೆ ಇತ್ತು. ಮೊಬೈಲಿಗೆ ಹಾಕಿಕೊಂಡು ಕೆಳಗೆ ಹೋಗಿ ತೋರಿಸಿದೆವು.

ಅಜ್ಜನಿಗೆ ಖುಷಿಯಾಯಿತು. ಅವರು ನೋಡಿದ್ದು ಸೇತುವೆಯನ್ನು. ಆ ಸೇತುವೆ ದಾಟಿ ಸೈಕಲ್ಲಿನಲ್ಲಿ ನ್ಯೂ ಟೌನ್ ಕಡೆಗೆ ಪಾಳಿ ಕೆಲಸಕ್ಕೆ ಹೋದವರು ಅವರು. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರುವಾದ ಮೇಲೆ ಎಷ್ಟು ಸಾವಿರ ಜನರ ದಿನ ಹೀಗೆ ಹೊಳೆ ದಾಟಿ ಶುರುವಾಗಿದೆಯೋ! ಅಜ್ಜ ಚಿತ್ರ ದೊಡ್ಡದು ಮಾಡಿ ಸೇತುವೆಯ ಕಂಬಗಳನ್ನು ಒಂದೊಂದಾಗಿ ನೋಡಿದರು.

ಅಜ್ಜಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳಿನಿಂದ ಎಡಕ್ಕೆ ತಳ್ಳಿದರು. ಚಿತ್ರ ಮುಗಿಯಿತು. ಮತ್ತೆ ತಳ್ಳಿದರು.

"ಮೆಟ್ಲೆಲ್ಲಿ?"

"ಅಷ್ಟು ಉದ್ದ ಹಿಡಿಯಲ್ಲ ಅಜ್ಜಿ, ಕಟ್ಟು ಸಣ್ಣದು" ಎಂದೆವು.

"ನಾನು ಈ ಮನೆಗೆ ಬಂದ್ಮೇಲೆ ಸೇತುವೆ ದಾಟಿದ್ದು ಹಬ್ಬಕ್ಕೆ, ಆಸ್ಪತ್ರೆಗೆ. ಆ ಮೆಟ್ಲು ಇಳಿದಿದ್ದು ದಿನಾ. ಇವ್ರ ಹೊಳೆ ಹಾಕಿದೀರಿ. ನನ್ನದೆಲ್ಲಿ?"

ಅಜ್ಜ ನಕ್ಕು, "ಬಟ್ಟೆ ಒಗೆಯೋ ಕಲ್ಲನ್ನ ಯಾರಾದ್ರೂ ಗೋಡೆಗೆ ಹಾಕ್ಕೊಂತಾರೇನೇ?" ಎಂದರು. ಅಜ್ಜಿ ನಗಲಿಲ್ಲ. ಮೊಬೈಲು ಕೈಗೆ ಕೊಟ್ಟು ಒಳಗೆ ಹೋದರು. ಆ ರಾತ್ರಿ ಕೆಳಗಿನಿಂದ ನಮಗೆ ಸಾರು ಬರಲಿಲ್ಲ.

ಮಾರನೆಯ ದಿನ ಬಲಗಡೆಯಿಂದ ಒಂದು ಪಾಲು ಕತ್ತರಿಸಿ ನೋಡಿದೆವು. ಮೆಟ್ಟಿಲು ಬಂತು, ಸೇತುವೆ ಹೋಯಿತು. ಎರಡೂ ಕಡೆ ಅರ್ಧರ್ಧ ಕತ್ತರಿಸಿದರೆ ಅರ್ಧ ಸೇತುವೆ, ಅರ್ಧ ಮೆಟ್ಟಿಲು. ಯಾರಿಗೂ ಇಲ್ಲ.

ಚಿತ್ರ ತೆಗೆದುಕೊಂಡು ಶಿವಮೊಗ್ಗದ ಪ್ರಿಂಟಿಂಗ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಐದೇ ನಿಮಿಷದಲ್ಲಿ ದಾರಿ ಹುಡುಕಿದ. "ಎರಡು ತುದಿನೂ ಬೇಕಲ್ವಾ ಅಣ್ಣ? ನಡುವಿನದ್ದು ಒಂದು ಪಾಲು ತೆಗೆದು ಸೇರಿಸಿಬಿಡ್ತೀನಿ. ನೀರು, ಮರ ಇರೋದು. ಗೊತ್ತೇ ಆಗಲ್ಲ." ಮಾಡಿಯೂ ತೋರಿಸಿದ. ನಿಜವಾಗಿ ಗೊತ್ತಾಗುತ್ತಿರಲಿಲ್ಲ. ಹೊಳೆ ಕಾಲು ಭಾಗ ಗಿಡ್ಡವಾಗಿ, ಮೆಟ್ಟಿಲೂ ಸೇತುವೆಯೂ ಕಟ್ಟಿನೊಳಗೆ ಬಂದಿದ್ದವು.

ನಮಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ಅಜ್ಜನಿಗೆ ಹೇಳಿದೆವು: ಅಂಚು ಕತ್ತರಿಸಿದರೆ ಇಲ್ಲಿಂದ ಇಲ್ಲಿಯವರೆಗೆ ತೋರಿಸಿದ್ದೇವೆ ಎಂದಷ್ಟೇ ಅರ್ಥ. ನಡುವೆ ಕತ್ತರಿಸಿ ಹೊಲಿದರೆ ಇಲ್ಲದ ಹೊಳೆಯನ್ನು ಇದೆ ಎಂದಂತಾಗುತ್ತದೆ. ತರಗತಿಯಲ್ಲಿ ಕೇಳಿದ್ದನ್ನೇ ಒಪ್ಪಿಸಿದ್ದೆವು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಿಮ್ಮ ಪೇಪರ್ ಅಲ್ಲ ಕಣ್ರಯ್ಯಾ, ನಮ್ಮ ಗೋಡೆ" ಎಂದರು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ನಮ್ಮಲ್ಲೇ ಜಗಳವಾಯಿತು. ಪನೋರಮಾ ಎಂಬ ಹೆಸರು ಹುಟ್ಟಿದ್ದೇ 1790ರ ಆಸುಪಾಸಿನಲ್ಲಿ, ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನ ದುಂಡನೆಯ ದೊಡ್ಡ ಚಿತ್ರಗಳಿಗೆ. ನಮ್ಮ ಶ್ರೀರಂಗಪಟ್ಟಣಕ್ಕೂ ಇದರ ನಂಟಿದೆ. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿದ್ದ ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಆ ಯುದ್ಧವನ್ನು ಸುಮಾರು 120 ಅಡಿ ಉದ್ದದ ಚಿತ್ರವಾಗಿ ಬರೆದ. ಜನ ದುಡ್ಡು ಕೊಟ್ಟು ಬಂದು ನೋಡಿದರು. ಬರೆಯುವ ಮುನ್ನ ಅವನು ಶ್ರೀರಂಗಪಟ್ಟಣವನ್ನು ನೋಡಿರಲೇ ಇಲ್ಲ. ಕೋಟೆ, ಕಾವೇರಿ, ಸತ್ತವರು, ಗೆದ್ದವರು ಎಲ್ಲರನ್ನೂ ಗೆದ್ದವರ ಕಡೆಯ ಮಾತು ಕೇಳಿ ಜೋಡಿಸಿದ್ದ. "ನೂರಿಪ್ಪತ್ತು ಅಡಿ ಇದ್ದರೂ ಅಲ್ಲಿ ನಮ್ಮವರು ನೋಡಿದ ಶ್ರೀರಂಗಪಟ್ಟಣ ಬರಲಿಲ್ಲ" ಎಂದು ಒಬ್ಬ. "ಅದಕ್ಕೂ ಅಜ್ಜನ ಗೋಡೆಗೂ ಏನೋ ಸಂಬಂಧ?" ಎಂದು ಇನ್ನೊಬ್ಬ.

ಮೂರನೆಯವನು ಇನ್ನೊಂದು ಉದಾಹರಣೆ ಎತ್ತಿದ. 1858ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯದ ಅಧಿಕಾರಿ ತಂಜಾವೂರಿನ ದೊಡ್ಡ ಗುಡಿಯ ಬುಡದ ಶಾಸನವನ್ನು ತುಂಡು ತುಂಡಾಗಿ ಫೋಟೋ ತೆಗೆದು, 21 ಫೋಟೋಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಉದ್ದನೆಯ ಸುರುಳಿ ಮಾಡಿದ. ಅಕ್ಷರ ಓದಬೇಕಾದ ಚಿತ್ರ ಅದು. ನಡುವೆ ಒಂದು ತುಂಡು ತೆಗೆದು ಸೇರಿಸಿದ್ದರೆ ಶಾಸನದ ಅರ್ಥವೇ ಕೆಡುತ್ತಿತ್ತು. ಅದೇ ಟ್ರೈಪ್ ತನ್ನ ಬೇರೆ ಫೋಟೋಗಳ ಆಕಾಶಕ್ಕೆ ನೆಗೆಟಿವ್ ಮೇಲೆ ಕೈಯಿಂದ ಮೋಡ ಬರೆಯುತ್ತಿದ್ದ ಎಂಬುದೂ ನಿಜ. ಎಲ್ಲಿ ತಿದ್ದಬಹುದು, ಎಲ್ಲಿ ಬಾರದು ಎಂಬ ಗೆರೆ ಅವನಿಗೂ ಒಂದೇ ಕಡೆ ಇರಲಿಲ್ಲ. ಬಸ್ಸು ಭದ್ರಾವತಿ ತಲುಪಿದರೂ ನಮ್ಮ ಜಗಳ ಮುಗಿಯಲಿಲ್ಲ.

ಅಂಗಡಿಯ ಹುಡುಗ ಸೇರಿಸಿಕೊಟ್ಟ ಚಿತ್ರವನ್ನೂ, ಕತ್ತರಿಸದ ಪೂರ್ತಿ ಚಿತ್ರವನ್ನೂ ಈ ಸಲ ಲ್ಯಾಪ್‌ಟಾಪಿನಲ್ಲಿ ತೆರೆದು ಅಜ್ಜ ಅಜ್ಜಿಯ ಮುಂದಿಟ್ಟೆವು. ನೀವೇ ನೋಡಿ ಹೇಳಿ ಎಂದೆವು.

ಅಜ್ಜನಿಗೆ ಸೇರಿಸಿದ್ದೇ ಸರಿ ಎನಿಸಿತು. ಅಜ್ಜಿ ಪೂರ್ತಿ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಆಚೆ ದಡದಲ್ಲಿ, ಮರಗಳ ಸಂದಿಯಲ್ಲಿ ಎರಡು ಹೆಂಚಿನ ಮನೆಗಳಿದ್ದವು. ನಮಗದು ಬರೀ ಕೆಂಪು ಚುಕ್ಕಿ.

"ಇದು ಇದರಲ್ಲಿ ಇಲ್ಲ" ಎಂದು ಸೇರಿಸಿದ ಚಿತ್ರ ತೋರಿಸಿದರು. "ನೀರು ಏರಿದಾಗ ಅವ್ರು ಅಲ್ಲಿಂದ ಕೂಗೋರು, ನಾವು ಇಲ್ಲಿಂದ ಕೂಗೋದು. ಲಕ್ಕವಳ್ಳಿಲಿ ಗೇಟು ತೆಗೆದ್ರಂತೆ, ಮೆಟ್ಲ ಹತ್ರ ಹೋಗ್ಬೇಡಿ ಅಂತ. ಅವ್ರ ಮನೆ ತೆಗೆದು ನನ್ನ ಕಲ್ಲು ಇಡ್ತೀರಾ? ಬೇಡ."

ಆಮೇಲೆ ದಡದ ಕಡೆ ಬೆರಳಿಟ್ಟರು. "ಇಲ್ಲಿ ಕಸ ಇತ್ತಲ್ಲ?"

ನಾವು ಮೂವರೂ ನೆಲ ನೋಡಿದೆವು. ಇಲ್ಲದ ಹೊಳೆ, ಇರುವ ಹೊಳೆ ಎಂದು ಫೋನಿನಲ್ಲಿ ಪಾಠ ಹೇಳಿದ್ದವರು ನಾವೇ. ಒರೆಸಿದ್ದೇವೆ ಎಂದು ಒಪ್ಪಿಕೊಂಡೆವು. ಅಜ್ಜನಿಗೆ ಎಲ್ಲಿಲ್ಲದ ಸಂತೋಷ. "ನೋಡ್ದೇನೇ? ಪೇಪರ್‌ನೋರ ಹಣೆಬರಹ!" ಎಂದು ಅಜ್ಜಿಯ ಕಡೆ ತಿರುಗಿ ಕೈ ಬಡಿದು ನಕ್ಕರು. ಆ ನಗುವಿನಲ್ಲಿ ಒಂದು ವಾರದ ಬಿಗಿ ಸಡಿಲವಾಯಿತು.

"ಹಂಗಾದ್ರೆ ಎಲ್ಲಿ ಕತ್ತರಿಸೋದು ಅಜ್ಜಿ?" ಎಂದೆವು.

"ಕತ್ತರಿಸೋದ್ಯಾಕೆ? ಸೀರೆ ಉದ್ದ ಆಯ್ತು ಅಂತ ಕತ್ತರಿ ಹಾಕ್ತಾರಾ? ಮೇಲೆ ಕೆಳಗೆ ಅಂಚು ಬಿಡಿ."

ಮೂವರು ಪದವೀಧರರಿಗೆ ಹೊಳೆಯದ್ದು ಅದು. ಕಟ್ಟಿನ ಉದ್ದಕ್ಕೆ ಪೂರ್ತಿ ಚಿತ್ರ ಇಳಿಸಿದರೆ ಆರು ಅಡಿ ಉದ್ದಕ್ಕೆ ಒಂದೂವರೆ ಅಡಿ ಎತ್ತರ ಬರುತ್ತದೆ. ಉಳಿಯುವ ಅರ್ಧ ಅಡಿಯನ್ನು ಮೇಲೆ ಮೂರು ಇಂಚು, ಕೆಳಗೆ ಮೂರು ಇಂಚು ಬಿಳಿ ಅಂಚಾಗಿ ಬಿಟ್ಟರೆ ಮುಗಿಯಿತು. ಕಟ್ಟು ತುಂಬಲೇಬೇಕು ಎಂದು ಯಾರೂ ಹೇಳಿರಲಿಲ್ಲ. ನಾವೇ ಅಂದುಕೊಂಡಿದ್ದೆವು.

ಅಚ್ಚಿನ ಕೆಲಸದಲ್ಲಿ ಕಲಿತ ನಾಲ್ಕು ಮಾತು ಇಲ್ಲಿ ಹೇಳಿಬಿಡುತ್ತೇವೆ.

ಒಂದು, ಕಟ್ಟಿನ ಮರದೊಳಗೆ ಸುತ್ತಲೂ ಕಾಲು ಇಂಚಿನಷ್ಟು ಹಾಳೆ ಅಡಗುತ್ತದೆ. ಅದನ್ನು ಮರೆತಿದ್ದರೆ ಅಷ್ಟೆಲ್ಲಾ ಜಗಳವಾಡಿ ಉಳಿಸಿದ ಒಗೆಯುವ ಕಲ್ಲನ್ನು ಕೊನೆಗೆ ಮರವೇ ನುಂಗುತ್ತಿತ್ತು. ನಾವು ಚಿತ್ರವನ್ನು 72 ಇಂಚಿನ ಬದಲು 71 ಇಂಚಿಗೆ ಇಳಿಸಿ ಎರಡು ಬದಿಗೂ ಅರ್ಧ ಇಂಚು ಬಿಳಿ ಬಿಟ್ಟೆವು.

ಎರಡು, ಇಂಚಿಗೆ ಎಷ್ಟು ಚುಕ್ಕಿ ಬರುತ್ತದೆ ಎಂದು ಭಾಗಿಸಿ ನೋಡಿ. 19,200ನ್ನು 71ರಿಂದ ಭಾಗಿಸಿದರೆ ಸುಮಾರು 270. ಗೋಡೆಯ ಮೇಲಿನ ದೊಡ್ಡ ಚಿತ್ರಕ್ಕೆ 150ರಿಂದ 200 ಇದ್ದರೂ ನಡೆಯುತ್ತದೆ. 100ಕ್ಕಿಂತ ಕಡಿಮೆ ಬಂದರೆ ಹತ್ತಿರ ನಿಂತು ನೋಡಿದಾಗ ಚಿತ್ರ ಒಡೆದಂತೆ ಕಾಣುತ್ತದೆ.

ಮೂರು, ಅಂಗಡಿಗೆ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ನಾಲ್ಕು, ಪರದೆಯಲ್ಲಿ ಹೊಳೆಯುವ ಚಿತ್ರ ಹಾಳೆಯ ಮೇಲೆ ಮಂಕಾಗುತ್ತದೆ. ಪರದೆಗೆ ಹಿಂದಿನಿಂದ ಬೆಳಕಿದೆ, ಹಾಳೆಗೆ ಇಲ್ಲ. ಪೂರ್ತಿ ಅಚ್ಚು ಹಾಕಿಸುವ ಮೊದಲು ಕತ್ತಲು ಹೆಚ್ಚಿರುವ ಜಾಗದ ಒಂದು ಸಣ್ಣ ಪಟ್ಟಿ ಅಚ್ಚು ಹಾಕಿಸಿ ನೋಡಿ. ನಮ್ಮ ಪಟ್ಟಿಯಲ್ಲಿ ಮೆಟ್ಟಿಲ ನೆರಳು ಮಸಿಯಂತೆ ಬಂದಿತ್ತು. ಆ ಭಾಗವನ್ನು ಸ್ವಲ್ಪ ಬೆಳಗಿಸಿದ ಮೇಲೆ ಕಲ್ಲು ಕಲ್ಲಾಗಿ ಕಂಡಿತು.

ಅಂಗಡಿಯಲ್ಲಿ ಅಚ್ಚಿಗೆ ಬಳಸಿದ ಹಾಳೆ ಎಲ್ಲಿಂದಲೋ ಬಂದ ಸುರುಳಿ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ಇದೇ ಭದ್ರಾವತಿಯಲ್ಲಿ, ಇದೇ ಹೊಳೆಯ ಮಗ್ಗುಲಲ್ಲಿ ಪತ್ರಿಕೆಗಳಿಗೆ ಕಾಗದ ಮಾಡುತ್ತಿತ್ತು. ಈಗ ನಿಂತಿದೆ. ಭದ್ರಾ ಹೊಳೆಯ ಚಿತ್ರಕ್ಕೆ ಭದ್ರಾವತಿಯ ಕಾಗದ ಸಿಗಲಿಲ್ಲ. ಸುರುಳಿ ಹಿಡಿದು ಮನೆಗೆ ಬಂದಾಗ ಅಜ್ಜ ಮೊದಲು ಚಿತ್ರ ನೋಡಲಿಲ್ಲ. ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, "ಗಟ್ಟಿ ಐತೆ" ಎಂದರು.

ಕಸದ ಗುಡ್ಡೆಯನ್ನು ವಾಪಸ್ ಹಾಕಿದೆವು. ಅದು ಅಜ್ಜನಿಗೆ ಇಷ್ಟವಿರಲಿಲ್ಲ. ತಮ್ಮ ಗೋಡೆಯ ಮಾತನ್ನು ಮತ್ತೆ ಹೇಳಿದರು. ಅಜ್ಜಿ, "ಇರ್ಲಿ ಬಿಡ್ರಿ, ನಾವು ಹಾಕಿದ್ದೂ ಅದ್ರಲ್ಲಿ ಐತೆ" ಎಂದರು. ಅಲ್ಲಿಗೆ ಆ ಮಾತು ನಿಂತಿತು.

ಕಳೆದ ತಿಂಗಳು ಅಜ್ಜ ಫೋನು ಮಾಡಿದ್ದರು. ಮನೆಗೆ ಬಂದವರೆಲ್ಲ ಚಿತ್ರದ ಮುಂದೆ ನಿಲ್ಲುತ್ತಾರಂತೆ. "ಮೊದ್ಲು ಕಸಾನೇ ಕಣ್ಣಿಗೆ ಬೀಳ್ತದೆ ಕಣ್ರಯ್ಯಾ, ನೀವು ಕೆಡಿಸಿದ್ರಿ" ಎಂದು ಬೈದರು. ಹಿಂದಿನಿಂದ ಅಜ್ಜಿ ಏನೋ ಕೂಗಿದರು. ಏನದು ಎಂದು ಕೇಳಿದೆವು. ಎಡಗಡೆ ಗೋಡೆ ಕಡೆಗೆ ಸೋಫಾ ಸರಿಸಿಕೊಂಡಿದ್ದಾಳೆ, ಮೆಟ್ಟಿಲು ಹತ್ತಿರ ಆಗಲಿ ಅಂತ, ಎಂದರು ಅಜ್ಜ.

ಆ ಏಳು ಫೋಟೋಗಳನ್ನು, ಒಂದನ್ನೂ ಕತ್ತರಿಸದೆ, ಮೂವರೂ ಒಂದೊಂದು ಕಡೆ ಇಟ್ಟುಕೊಂಡಿದ್ದೇವೆ. ಅಚ್ಚಿಗೆ ಬೇಕಾದಂತೆ ಕತ್ತರಿಸುವ ಮುನ್ನ ನೀವೂ ಪೂರ್ತಿಯದ್ದೊಂದನ್ನು ಎತ್ತಿಡಿ. ಹಾಗೆಯೇ ಕತ್ತರಿ ಹಾಕುವ ಮೊದಲು ಮನೆಯಲ್ಲಿರುವ ಎಲ್ಲರಿಗೂ ಒಮ್ಮೆ ತೋರಿಸಿ. ಮೊಬೈಲನ್ನು ಯಾರು ಯಾವ ಕಡೆಗೆ ತಳ್ಳುತ್ತಾರೆ ಎಂದು ಗಮನಿಸಿ.